ನಮ್ಮ ಮನೆಗೊಂದು ಕೆಟ್ಟ ರೂಟರ್ ಬೇಕಾಗಿದೆ

ಜನವರಿ 11, ಭಾನುವಾರ

ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಮೈಸೂರು ಸರಸ್ವತಿಪುರಂ ನಿವಾಸಿ, ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿರುವಂತೆ ನಟಿಸುತ್ತಿರುವ ಚಿರಂಜೀವಿ ವಾಗೀಶನು ಇಂದಿನಿಂದ ದಿನಚರಿ ಬರೆಯತಕ್ಕದ್ದು. ಸರ್ವರು ಎಂದರೆ ನಾನೊಬ್ಬನೇ. ಬೇರೆ ಯಾರಾದರೂ ಓದಿದ್ದು ಕಂಡುಬಂದಲ್ಲಿ ಅವರ ಟೂತ್‌ಪೇಸ್ಟಿಗೆ ಹಾಗಲಕಾಯಿ ರಸ ಸೇರಿಸಲಾಗುವುದು.

ಈ ಭಾಷೆ ಪಿತ್ರಾರ್ಜಿತ. ಅಪ್ಪ, ಅಂದರೆ ಶ್ರೀಯುತ ಗೋವಿಂದರಾಜು ಅವರು, ಮೂವತ್ತು ವರ್ಷದಿಂದ ಕಚೇರಿಯಲ್ಲಿ ಕಡತ ನೋಡುತ್ತಾರೆ. ಹಾಲಿನವನಿಗೆ ಬರೆದಿಡುವ ಚೀಟಿಯೂ ‘ವಿಷಯ’ ಅಂತಲೇ ಶುರುವಾಗುತ್ತದೆ.

ದಿನಚರಿ ಅಮ್ಮನ ಆಜ್ಞೆ. ಸಂಜೆ ಐದರಿಂದ ಆರರವರೆಗೆ ನಾನು ಮನೆಯ ಮುಂದಿನ ಹಾಲಿನಲ್ಲಿ, ರೂಟರ್ ಪಕ್ಕದಲ್ಲಿ, ಬಾಯಿ ಮುಚ್ಚಿಕೊಂಡು ಕೂತಿರಬೇಕು. “ಸುಮ್ನೆ ಕೂತಿದ್ರೆ ನೀನು ಏನಾದ್ರೂ ಕಿತಾಪತಿ ಮಾಡ್ತೀಯ. ಬರೀತಾ ಇರು” ಅಂದಳು.

ನನ್ನ ಹುದ್ದೆ: ಪ್ಲಗ್ ಅಧಿಕಾರಿ. ಕರ್ತವ್ಯದ ವಿವರ ಹೀಗಿದೆ.

ಅಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ರಂಜನಿ ಮಿಸ್ ಅಂದರೆ ಒಂಟಿಕೊಪ್ಪಲ್‌ನಲ್ಲಿ ಈಗಲೂ ಗೊತ್ತು, ಅಲ್ಲಿನ ಒಂದು ಶಾಲೆಯಲ್ಲಿ ಹದಿನಾರು ವರ್ಷ ಇದ್ದಳು. ಈ ವರ್ಷ ಎಂಟು ಮಕ್ಕಳು, ಎಲ್ಲ ಆ ಕಡೆಯವರೇ. ದೊಡ್ಡ ಟ್ಯುಟೋರಿಯಲ್‌ಗಳು ಮಾರ್ಕ್ಸ್‌ಕಾರ್ಡ್ ನೋಡಿ ‘ಸೀಟ್ ತುಂಬಿದೆ’ ಅಂತ ನಯವಾಗಿ ವಾಪಸ್ ಕಳಿಸಿದ ಎಂಟು ರತ್ನಗಳು. ಮೊದಲು ನಮ್ಮ ವರಾಂಡದಲ್ಲಿ ಚಾಪೆ ಹಾಸಿ ಪಾಠ ನಡೆಯುತ್ತಿತ್ತು. ಆಗಸ್ಟ್‌ನಿಂದ ಫೋನಿನಲ್ಲಿ. ಮಕ್ಕಳಿಗೆ ಹೇಳಿರುವುದು ಬೆನ್ನುನೋವು.

ಬೆನ್ನುನೋವಲ್ಲ. ಶ್ವಾಸಕೋಶ. ಅದರೊಳಗೆ ಬಂದು ಕೂತಿರುವುದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅಪ್ಪ ಅದನ್ನು ‘ಸದರಿ ವಿಷಯ’ ಅನ್ನುತ್ತಾರೆ.

ಅಮ್ಮ ಹಿಂದಿನ ರೂಮಿನಲ್ಲಿ ಮಂಚದ ಮೇಲೆ ಒರಗಿ ಕೂರುತ್ತಾಳೆ. ಫೋನು ಸ್ಟ್ಯಾಂಡಿನಿಂದ ಕೆಳಮುಖವಾಗಿ ನೇತಾಡುತ್ತದೆ. ಮಕ್ಕಳಿಗೆ ಕಾಣುವುದು ಒಂದು ಬಿಳೀ ಹಾಳೆ, ಒಂದು ಕೈ. ಕೆಮ್ಮು ಬರುವ ಮೊದಲು ಅವಳಿಗೆ ಗೊತ್ತಾಗುತ್ತದಂತೆ. ತಕ್ಷಣ ಪೆನ್ನಿನಿಂದ ಸ್ಟೀಲ್ ಲೋಟಕ್ಕೆ ಟಣ್ ಟಣ್ ಅಂತ ಎರಡು ಸಲ ಬಡಿಯುತ್ತಾಳೆ. ನಾನು ಪ್ಲಗ್ ಕೀಳುತ್ತೇನೆ. ಮಕ್ಕಳು “ಥೂ, ಮಿಸ್ ಮನೆ ನೆಟ್ ಹೋಯ್ತು” ಅಂತಾರೆ. ಕೆಮ್ಮು ನಿಂತ ಮೇಲೆ ಅಮ್ಮ ಕೂಗುತ್ತಾಳೆ, ನಾನು ಪ್ಲಗ್ ಹಾಕುತ್ತೇನೆ. ಮ್ಯೂಟ್ ಮಾಡಬಹುದಲ್ಲ ಅಂತ ಕೇಳಿದ್ದೆ. ಮ್ಯೂಟ್ ಮಾಡಿದರೆ ಕೈ ಕಾಣುತ್ತೆ ಕಣೋ, ಕೈ ನಡುಗುತ್ತೆ, ಅಂದಳು.

ಗೊತ್ತಾದರೆ ಏನಾಗುತ್ತದೆ? ಅಮ್ಮನ ಲೆಕ್ಕ: “ಪಾಪ ಮಿಸ್‌ಗೆ ತೊಂದ್ರೆ ಕೊಡಬಾರದು ಅಂತ ಮಕ್ಕಳನ್ನ ಬಿಡಿಸ್ಬಿಡ್ತಾರೆ. ಕನಿಕರದಿಂದಾನೇ ಬಿಡಿಸ್ತಾರೆ. ಅಲ್ಲಿಗೆ ಎಂಟೂ ಫೇಲು.” ಪರೀಕ್ಷೆವರೆಗೆ ಎಳೆಯಬೇಕು. ಇನ್ನು ಎರಡೂವರೆ ತಿಂಗಳು.

ಇಂದಿನ ಸಂಕಟಕ್ಕೆ ಬರೋಣ. ಧರಣಿ ಅನ್ನುವ ಹುಡುಗಿಯ ತಾಯಿ ಪ್ರೇಮಲೀಲಾ ಆಂಟಿ ಬೆಳಿಗ್ಗೆ ಫೋನ್ ಮಾಡಿದ್ದರು.

“ಮಿಸ್, ನಿಮ್ಮನೆ ನೆಟ್ಟು ಗಂಟೆಗೆ ನಾಲ್ಕು ಸಲ ಸಾಯ್ತದೆ. ನಾವು ಪೇರೆಂಟ್ಸ್ ಎಲ್ಲ ಸೇರಿ ಒಂದು ಹೊಸ ರೂಟರ್ ಕೊಡಿಸ್ತೀವಿ. ಬೇಡ ಅನ್ನಂಗಿಲ್ಲ.”

ಅಮ್ಮ ಬೇಡ ಅನ್ನಲು ಬಾಯಿ ತೆರೆದಳು, ಕೆಮ್ಮು ಬಂತು, ನಾನು ಫೋನ್ ಕಿತ್ತುಕೊಂಡೆ, “ಆಗಲಿ ಆಂಟಿ, ತುಂಬಾ ಥ್ಯಾಂಕ್ಸ್” ಅಂದುಬಿಟ್ಟೆ.

ಯೋಚಿಸಿ ನೋಡಿದರೆ ಇದಕ್ಕಿಂತ ದೊಡ್ಡ ಪೆದ್ದುತನ ಇಲ್ಲ. ಹಳೇ ರೂಟರಿಗೆ ಒಂದು ಆಂಟೆನಾ ಮುರಿದಿದೆ, ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ್ದೇವೆ. ಅದು ಸತ್ತರೆ ಯಾರೂ ಏನೂ ಕೇಳುವುದಿಲ್ಲ. ಹೊಸದು ಬಂದ ಮೇಲೂ ನೆಟ್ ಹೋದರೆ ಆಂಟಿ ರಿಪೇರಿಯವನನ್ನು ಕರೆದುಕೊಂಡು ನೇರ ಹಿಂದಿನ ರೂಮಿಗೇ ಬರುತ್ತಾರೆ.

ಆದ್ದರಿಂದ ಸಭೆ ಸೇರಿ (ನಾನು, ಅಮ್ಮ) ಹೀಗೆ ನಿರ್ಣಯಿಸಲಾಯಿತು: ರೂಟರ್ ಆರಿಸುವ ಹೊಣೆ ವಾಗೀಶನದು. ಅಗ್ಗದ್ದಾಗಿರಬೇಕು. ಮತ್ತು ಅದು ದೇಶದಲ್ಲೇ ಅತಿ ಕೆಟ್ಟ ರೂಟರ್ ಆಗಿರಬೇಕು. ಆಗ ನೆಟ್ ಹೋದರೂ ಎಲ್ಲರೂ ಬೈಯುವುದು ಅದನ್ನೇ.

ಅಮ್ಮ ನಕ್ಕಳು. ತುಂಬ ದಿನದ ಮೇಲೆ.

ಜನವರಿ 13, ಮಂಗಳವಾರ

ಒಂಟಿಕೊಪ್ಪಲ್‌ಗೆ ದಂಡಯಾತ್ರೆ. ಅಲ್ಲಿ ಮಹೇಶಣ್ಣನ ಕಂಪ್ಯೂಟರ್ ಅಂಗಡಿ ಇದೆ, ಪ್ರೇಮಲೀಲಾ ಆಂಟಿಯ ಶಿಫಾರಸು. ಗಲ್ಲಾದ ಹಿಂದೆ ಗೋಡೆ ತುಂಬ ರೂಟರ್‌ಗಳು, ಆಂಟೆನಾ ಎತ್ತಿಕೊಂಡು ಕವಾಯತಿಗೆ ನಿಂತ ಹಾಗೆ.

“ಅಣ್ಣಾ, ಒಂದು ರೂಟರ್ ತೋರ್ಸಿ. ರೇಟು ಕಡಿಮೆ ಇರ್ಬೇಕು.”

“ಎಷ್ಟು ಜನ ಯೂಸ್ ಮಾಡ್ತೀರಾ? ಗೋಡೆ ಎಂಗಿವೆ?”

“ಗೋಡೆ ಹಳೇ ಕಾಲದ್ದು. ಈ ಕಡೆ ಕೂಗಿದ್ರೆ ಆ ಕಡೆ ಕೇಳಲ್ಲ.”

“ಅಂಗಾದ್ರೆ ಇದು ತಗೋ. ನಾಲ್ಕು ಆಂಟೆನಾ, ಡ್ಯುಯಲ್ ಬ್ಯಾಂಡು, ಮೂರು ವರ್ಷ ವಾರಂಟಿ. ತಿರುಗಿ ನೋಡೋ ಅಂಗಿಲ್ಲ.”

“ಅಷ್ಟು ಒಳ್ಳೇದು ಬೇಡ ಅಣ್ಣ. ಜನ ಬೈಕೊಂಡು ವಾಪಸ್ ತರ್ತಾರಲ್ಲ, ಅಂಥದ್ದು ಯಾವ್ದು?”

ಮಹೇಶಣ್ಣ ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಕೆಟ್ಟದ್ದು ಕೊಡಿ ಅಂತ ಕೇಳ್ಕೊಂಡು ಬಂದವನು ನೀನೇ ಮೊದಲು. ಯಾರಿಗಪ್ಪ ಇದು, ಬಾಡಿಗೆ ಮನೆಯವರಿಗಾ?”

“ನಮ್ಮಮ್ಮನಿಗೆ.”

“ಥೂ ನಿನ್ನ” ಅಂದ.

ಆದರೂ ಕೆಳಗಿನ ಷೆಲ್ಫಿನಿಂದ ಒಂದು ತೆಗೆದ. ಒಂದೇ ಬ್ಯಾಂಡು, ಎರಡು ಪುಟ್ಟ ಆಂಟೆನಾ, ಸೋಪಿನ ಡಬ್ಬಿಯಷ್ಟು ದೊಡ್ಡದು. ಬಹಳ ನಿಧಾನ, ಒಂದು ಸಿನಿಮಾ ನೋಡೋಕಾಗಲ್ಲ, ಅಂದ. ನನ್ನ ಹೃದಯ ಅರಳಿತು.

ಜನವರಿ 16, ಶುಕ್ರವಾರ

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಮಹಾಯುದ್ಧ. ನಾನು ಸೋಪಿನ ಡಬ್ಬಿಯ ಫೋಟೋ ಹಾಕಿದೆ. ಪ್ರೇಮಲೀಲಾ ಆಂಟಿ ಆನ್‌ಲೈನಿನಲ್ಲಿ ವಿಮರ್ಶೆಗಳನ್ನೆಲ್ಲ ಓದಿ, “ಒಬ್ಬರು ಒಂದು ಸ್ಟಾರ್ ಕೊಟ್ಟು ‘ಇದಕ್ಕಿಂತ ಪಾರಿವಾಳ ಸಾಕಿ’ ಅಂತ ಬರ್ದಿದ್ದಾರೆ, ಇದ್ಯಾಕಪ್ಪ ವಾಗೀಶ?” ಅಂತ ಕೇಳಿದರು.

ನಾನು ಅಪ್ಪನ ಶೈಲಿಯಲ್ಲಿ ದೀರ್ಘ ಉತ್ತರ ಬರೆದೆ. ‘ಪೋಷಕರ ಬೆವರಿನ ಹಣವು ಪೋಲಾಗಬಾರದೆಂಬ ಸದುದ್ದೇಶದಿಂದ, ಅಗತ್ಯಕ್ಕಿಂತ ಮಿಗಿಲಾದ ವೇಗವು ವಿದ್ಯಾರ್ಥಿಗಳಿಗೆ ಮಾರಕವೆಂಬುದನ್ನು ಮನಗಂಡು...’

ಸುನಿಲನ ತಂದೆ ಕೈಮುಗಿಯುವ ಚಿತ್ರ ಹಾಕಿದರು. ಸಮನ್ವಿತಾಳ ತಾಯಿ “ಈ ಕಾಲದಲ್ಲಿ ಇಂಥ ಹುಡುಗರು ಎಲ್ಲಿದ್ದಾರೆ” ಅಂದರು. ಬಹುಮತದಿಂದ ಸೋಪಿನ ಡಬ್ಬಿ ಅಂಗೀಕಾರವಾಯಿತು.

ಸಂಭ್ರಮ ಆಚರಿಸಲು ಇವತ್ತು ಕ್ಲಾಸಿಗೆ ನನ್ನ ಫೋನಿಂದ ‘ಶಿಕ್ಷಣ ಇಲಾಖೆ’ ಅನ್ನುವ ಹೆಸರಿನಲ್ಲಿ ನುಗ್ಗಿದೆ. ಗಂಟಲು ದಪ್ಪ ಮಾಡಿ, ಈ ವರ್ಷ ಗಣಿತ ಪತ್ರಿಕೆ ರದ್ದಾಗಿದೆ, ಬದಲಿಗೆ ಕುಂಟೆಬಿಲ್ಲೆ ಪರೀಕ್ಷೆ ಇರುತ್ತದೆ ಅಂತ ಘೋಷಿಸಿದೆ. ಸುನಿಲ ಹೋ ಅಂತ ಕೂಗಿ ಅವರಪ್ಪನನ್ನು ಕರೆದ. “ವಾಗೀಶಣ್ಣ ಅಲ್ವೇನೋ ಅದು, ದಡ್ಡ” ಅಂತ ಧರಣಿ ಬೈದಳು. ಅಮ್ಮ ನಗಲು ಹೋಗಿ ಲೋಟ ಬಡಿದಳು. ಓಡಿಹೋಗಿ ಕಿತ್ತೆ. ಎಂಟು ನಿಮಿಷ ಹಾಕಲಾಗಲಿಲ್ಲ.

ತಪ್ಪು ನನ್ನದು. ನಗಿಸಬಾರದು.

ಜನವರಿ 27, ಮಂಗಳವಾರ

ಆಸ್ಪತ್ರೆ. ಡಾಕ್ಟರು ಅಪ್ಪನನ್ನು ಒಳಗೆ ಕರೆದರು, ನನ್ನನ್ನು ಔಷಧಿ ತರಲು ಕಳಿಸಿದರು. ಔಷಧಿ ಅಂಗಡಿಯಲ್ಲಿ ನಿಂತು ಸೋಪಿನ ಡಬ್ಬಿಯ ಇನ್ನೂ ನಲವತ್ತು ವಿಮರ್ಶೆ ಓದಿದೆ. ಎಲ್ಲರೂ ಬೈದಿದ್ದಾರೆ. ಸಮಾಧಾನವಾಯಿತು.

ಆಟೋದಲ್ಲಿ ಬರುವಾಗ ಅಪ್ಪ ಒಂದೇ ಮಾತು ಹೇಳಿದರು. “ಸದರಿ ವಿಷಯ ಮುಂದುವರಿದಿದೆ.”

ಅಮ್ಮ ಆಟೋದ ಹೊರಗೆ ನೋಡುತ್ತಾ, “ಇವತ್ತು ಸಂಖ್ಯಾಶಾಸ್ತ್ರ ಶುರು ಮಾಡ್ಬೇಕು” ಅಂದಳು.

ಜನವರಿ 31, ಶನಿವಾರ

ಪೋಷಕರ ದುಡ್ಡು ಕೂಡಿತು, ಸೋಪಿನ ಡಬ್ಬಿ ತಂದೆ. ನಾನೇ ಕೂರಿಸಿದೆ. ಹಳೆಯದಕ್ಕೆ ಸಕಲ ಸರ್ಕಾರಿ ಗೌರವಗಳೊಂದಿಗೆ ಬೀಳ್ಕೊಡುಗೆ. ರಬ್ಬರ್ ಬ್ಯಾಂಡ್ ಮಾತ್ರ ಅಪ್ಪ ತೆಗೆದಿಟ್ಟುಕೊಂಡರು, ಕಡತಕ್ಕೆ ಬೇಕಂತೆ. ಸೋಮವಾರ ಮೊದಲ ಕ್ಲಾಸು.

ಫೆಬ್ರವರಿ 2, ಸೋಮವಾರ

ಮೋಸ. ಘೋರ ಮೋಸ. ನೆಟ್ ಹೋಗುತ್ತಿಲ್ಲ. ಅಮ್ಮ ಯಾಕೋ ಲೋಟವನ್ನೂ ಬಡಿಯಲಿಲ್ಲ.

ಫೆಬ್ರವರಿ 3, ಮಂಗಳವಾರ

ಕಾಲೇಜಿಗೆ ಚಕ್ಕರ್ ಹಾಕಿ ಮಹೇಶಣ್ಣನ ಅಂಗಡಿಗೆ ಹೋಗಿ ದೂರು ಕೊಟ್ಟೆ.

“ಏನಾಯ್ತು, ಕೆಟ್ಟೋಯ್ತಾ?”

“ಇಲ್ಲ ಅಣ್ಣ. ಚೆನ್ನಾಗಿ ಕೆಲಸ ಮಾಡ್ತಾ ಇದೆ. ಹಿಂದಿನ ರೂಮಿನಲ್ಲೂ ಫುಲ್ ಸಿಗ್ನಲ್ಲು. ನೀವು ಕೆಟ್ಟದ್ದು ಅಂದಿದ್ರಿ.”

ಮಹೇಶಣ್ಣ ಗಲ್ಲಾ ಹಿಡಿದುಕೊಂಡು ನಕ್ಕ. “ಲೋ, ನಾನು ನಿಧಾನ ಅಂದೆ, ಕೆಟ್ಟದ್ದು ಅಂದ್ನಾ? ಆ ದೊಡ್ಡ ರೂಟರಿಂದು ಫೈವ್ ಗಿಗಾಹರ್ಟ್ಸ್ ಬ್ಯಾಂಡು ಅಂತ ಇರ್ತದೆ, ಕುದುರೆ ತರ ಓಡ್ತದೆ, ಗೋಡೆ ಬಂದ್ರೆ ನಿಂತ್ಕತದೆ. ಇದ್ರದ್ದು ಎಮ್ಮೆ. ನಿಧಾನ. ಆದ್ರೆ ಗೋಡೆಗೀಡೆ ಲೆಕ್ಕಕ್ಕಿಲ್ಲ, ನುಗ್ಗಿ ಹೋಯ್ತಾ ಇರ್ತದೆ. ಒಂದು ಫೋನು, ಒಂದು ಪಾಠ, ದಪ್ಪ ಗೋಡೆ: ನಿಮ್ಮನೆಗೆ ಇದಕ್ಕಿಂತ ಒಳ್ಳೇದು ಇಲ್ಲ ಕಣೋ. ಭಾರಿ ಬುದ್ಧಿವಂತ ನೀನು, ನೋಡ್ಕೊಂಡು ಆರಿಸಿದ್ದೀಯ!”

ದೇಶದ ಅತಿ ಕೆಟ್ಟ ರೂಟರನ್ನು ಹುಡುಕಲು ಹೋಗಿ ನಮ್ಮ ಮನೆಗೆ ಅತಿ ಒಳ್ಳೆಯದನ್ನು ತಂದವನು, ಜಗತ್ತಿನಲ್ಲಿ, ನಾನೊಬ್ಬನೇ.

ಗುಂಪಿನಲ್ಲಿ ಪ್ರೇಮಲೀಲಾ ಆಂಟಿ: “ಎರಡು ದಿನದಿಂದ ಒಂದು ಸಲಾನೂ ಕಟ್ ಆಗಿಲ್ಲ. ವಾಗೀಶನಿಗೆ ಜೈ. ಇನ್ಮೇಲೆ ಕಟ್ ಆದ್ರೆ ಹೇಳಿ, ಮಹೇಶ್ ಅವರನ್ನೇ ಕರ್ಕೊಂಡು ಬರ್ತೀನಿ.”

ಹೇಳಿರಲಿಲ್ಲವೇ.

ಫೆಬ್ರವರಿ 5, ಗುರುವಾರ

ಇವತ್ತು ಐದೂ ಇಪ್ಪತ್ತಕ್ಕೆ ಅಮ್ಮನ ಉಸಿರು ಎಳೆಯುವುದು ಹಾಲಿನವರೆಗೆ ಕೇಳಿಸಿತು. ಲೋಟದ ಸದ್ದಿಲ್ಲ. ಕಾದೆ. ಆಮೇಲೆ ನಾನೇ ಕಿತ್ತೆ.

ಕ್ಲಾಸು ಮುಗಿದ ಮೇಲೆ ಕರೆದಳು. “ಯಾಕೋ ಕಿತ್ತೆ? ನಾನು ಬಡಿದ್ನಾ?”

“ಬಡಿಯೋಕೆ ಮರೆತೆಯೇನೋ ಅಂತ.”

“ಮರೆತಿರಲಿಲ್ಲ. ಇನ್ಮೇಲೆ ಬಡಿಯಲ್ಲ.” ಸ್ವಲ್ಪ ಹೊತ್ತು ಉಸಿರಿಗೆ ಕಾದು ಹೇಳಿದಳು. “ಎಷ್ಟು ತಿಂಗಳಾಗಿತ್ತೋ ಮಕ್ಕಳ ಮಾತು ಸರಿಯಾಗಿ ಕೇಳಿ. ಹಳೇದರಲ್ಲಿ ಬರೀ ಗೊರಗೊರ. ಸುನಿಲ ಮಗ್ಗಿ ಹೇಳ್ಕೊಳ್ಳೋವಾಗ ಏಳೆಂಟ್ಲಿಗೆ ನಿಲ್ಲಿಸ್ತಾನೆ ಅಂತ ಇವತ್ತು ಗೊತ್ತಾಯ್ತು. ಅದಕ್ಕೇ ಅವನ ಲೆಕ್ಕ ಎಲ್ಲ ಅಲ್ಲೇ ತಪ್ಪೋದು. ಧರಣಿ ಅವರಮ್ಮನ ಹೊಲಿಗೆ ಮಷೀನು ಕೇಳುತ್ತೆ. ಸಮನ್ವಿತಾ ಮನೇಲಿ ಯಾರೋ ಒಗ್ಗರಣೆ ಹಾಕ್ತಾರೆ, ಐದೂವರೆಗೆ, ದಿನಾ.”

“ನಿನ್ನ ಕೆಮ್ಮೂ ಅವರಿಗೆ ಹಾಗೇ ಕೇಳುತ್ತಲ್ಲಮ್ಮ. ಕೇಳೋಕಾಗಲ್ಲ ಅದು.”

“ಅವರಿಗೋ, ನಿನಗೋ?”

ಈ ಪ್ರಶ್ನೆಗೆ ಉತ್ತರಿಸಲು ಇಲಾಖೆಯು ಕಾಲಾವಕಾಶ ಕೋರಿದೆ.

ಫೆಬ್ರವರಿ 6, ಶುಕ್ರವಾರ

ಹೊಸ ವ್ಯವಸ್ಥೆ. ಪ್ಲಗ್ ಅಧಿಕಾರಿಯ ಹುದ್ದೆ ರದ್ದು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ. ಕೆಮ್ಮು ಬರುವ ಮೊದಲು ಅಮ್ಮ “ಈ ಲೆಕ್ಕ ಮಾಡಿ ಮಕ್ಕಳೇ, ಐದು ನಿಮಿಷ” ಅಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ನಾನು ಮ್ಯೂಟ್ ಒತ್ತುತ್ತೇನೆ. ಅವಳ ಬೆನ್ನು ಹಿಡಿದುಕೊಳ್ಳುತ್ತೇನೆ. ನಮ್ಮ ಸದ್ದು ಅವರಿಗೆ ಹೋಗುವುದಿಲ್ಲ. ಅವರ ಸದ್ದು ನಮಗೆ ಬರುತ್ತಿರುತ್ತದೆ: ಪೆನ್ಸಿಲ್ಲು, ಹಾಳೆ ತಿರುಗಿಸುವುದು, ಯಾರೋ ಮೂಗು ಸೇದುವುದು, ಸುನಿಲನ ಏಳೆಂಟ್ಲಿ.

ಅಮ್ಮ ಅದನ್ನು ಕೇಳುತ್ತಾ ಕೆಮ್ಮುತ್ತಾಳೆ.

ಆರು ತಿಂಗಳಿಂದ ಇದು ನಡೆಯುತ್ತಿದ್ದಾಗ ನಾನು ಪ್ರತಿ ಸಲವೂ ಹಾಲಿನಲ್ಲೇ ಇದ್ದೆ. ಇವತ್ತೇ ಮೊದಲು ನೋಡಿದ್ದು. ಬಟ್ಟೆಯಲ್ಲಿ ಕೆಂಪು ಇತ್ತು.

“ಹಾಲಿನಿಂದ ಇದೆಲ್ಲ ಕಾಣಲ್ಲ ಅಂತ ಅಲ್ಲಿ ಕೂರಿಸಿದ್ದೆ” ಅಂದಳು ಅಮ್ಮ, ಬಟ್ಟೆ ಮಡಿಸುತ್ತಾ.

ಫೆಬ್ರವರಿ 12, ಗುರುವಾರ

ಬಳೆ ಜಾರುತ್ತಿವೆ. ಹಾಳೆಯ ಮೇಲೆ ಕೈ ಇಟ್ಟರೆ ಬೆರಳಿನವರೆಗೆ ಬಂದುಬಿಡುತ್ತವೆ. ನಿನ್ನೆ ಧರಣಿ, “ಮಿಸ್, ದೊಡ್ಡ ಸೈಜ್ ಬಳೆ ಯಾಕೆ ಹಾಕ್ಕೊಂಡಿದ್ದೀರಾ?” ಅಂತ ಕೇಳಿದಳು. ಇವತ್ತು ಅಪ್ಪ ಬೇರೆ ಬಳೆ ತಂದರು. ಅಂಗಡಿಯಲ್ಲಿ ಅಳತೆ ಹೇಳಲು ಗೊತ್ತಾಗದೆ ಎರಡು ಬೆರಳು ಸೇರಿಸಿ ತೋರಿಸಿದರಂತೆ. ಅಂಗಡಿಯವರು ಚಿಕ್ಕ ಮಗುವಿಗಾ ಅಂತ ಕೇಳಿದರಂತೆ.

ಅಪ್ಪ ಹೌದು ಅಂದರಂತೆ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಫೆಬ್ರವರಿ 19, ಗುರುವಾರ

ಆಕ್ಸಿಜನ್ ಮಷೀನು ಬಂತು. ಮಂಚದ ಪಕ್ಕ ಗುರ್ ಅಂತ ಸದ್ದು ಮಾಡುತ್ತದೆ.

“ಮಿಸ್, ಏನದು ಸೌಂಡು?” ಸುನಿಲ ಕೇಳಿದ.

ಅಮ್ಮ ನನ್ನ ಮುಖ ನೋಡಿದಳು. ನಾನು ಫೋನಿಗೆ ಬಾಯಿಟ್ಟು, “ಗ್ರೈಂಡರ್ ಕಣೋ. ನಮ್ಮಪ್ಪ ರಿಟೈರ್ ಆದ ಮೇಲೆ ಇಡ್ಲಿ ಹೋಟೆಲ್ ಇಡ್ತಾರೆ. ಈಗಿಂದಾನೇ ಪ್ರಾಕ್ಟೀಸು. ದಿನಾ ಸಂಜೆ ಐದಕ್ಕೆ ರುಬ್ಬೋದು” ಅಂದೆ.

ಎಂಟೂ ಜನ ನಕ್ಕರು. ಹೋಟೆಲಿಗೆ ಹೆಸರೇನು ಅಂತ ಸಮನ್ವಿತಾ ಕೇಳಿದಳು. ‘ಸದರಿ ಇಡ್ಲಿ’ ಅಂದೆ. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅಪ್ಪನಿಗೂ ನಗು ಬಂತು, ಆಮೇಲೆ ಕಾಫಿ ಅಲ್ಲೇ ಇಟ್ಟು ಹಿತ್ತಲಿಗೆ ಹೋದರು.

ಎರಡು ಅಧ್ಯಾಯ ಉಳಿದಿವೆ.

ಫೆಬ್ರವರಿ 24, ಮಂಗಳವಾರ

ಐದು ನಿಮಿಷದ ಲೆಕ್ಕಗಳು ಹತ್ತು ನಿಮಿಷದ್ದಾಗಿವೆ. ಇವತ್ತು ಒಂದು ಲೆಕ್ಕಕ್ಕೆ ಹದಿನೇಳು ನಿಮಿಷ. ಮಾಡಿ ಮುಗಿಸಿದವರು ಸುಮ್ಮನೆ ಕಾದರು.

ಅಮ್ಮ ಬರೆಯುವುದು ನಿಲ್ಲಿಸಿದಾಗ ನಾನು ಕೆಳಗೆ ಬಿದ್ದ ಪೆನ್ನು ತೆಗೆದು ಕೈಗೆ ಕೊಟ್ಟೆ. ಆಮೇಲೆ ಪೆನ್ನನ್ನೂ ಅವಳ ಕೈಯನ್ನೂ ಸೇರಿಸಿ ಹಿಡಿದುಕೊಂಡೆ. ಸರಾಸರಿ, ಮಧ್ಯಾಂಕ, ರೂಢಿಬೆಲೆ, ಮೂರನ್ನೂ ಇಬ್ಬರೂ ಸೇರಿ ಬರೆದೆವು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ ಬಂದಿದ್ದು ಮೂವತ್ತೆಂಟು. ಆಗ ಅಮ್ಮ ಮೂರು ದಿನ ಮಾತಾಡಿರಲಿಲ್ಲ.

ಇವತ್ತು ಅರ್ಥವಾಯಿತು ಮಧ್ಯಾಂಕ ಅಂದರೆ ಏನು ಅಂತ. ತಡವಾಗಿದೆ, ಆದರೂ ದಾಖಲಿಸಿದೆ.

ಫೆಬ್ರವರಿ 27, ಶುಕ್ರವಾರ

ಸಂಖ್ಯಾಶಾಸ್ತ್ರ ಮುಗಿಯಿತು. ಉಳಿದಿರುವುದು ಒಂದೇ ಅಧ್ಯಾಯ, ಘನಾಕೃತಿಗಳದ್ದು. ಸಿಲಿಂಡರು, ಗೋಳ, ಶಂಕು.

ಕ್ಲಾಸು ಮುಗಿದ ಮೇಲೆ ಅಮ್ಮ ಹೇಳಿದಳು, “ಅದನ್ನ ಸುಲಭವಾಗಿ ಹೇಳ್ಬೇಕು ಕಣೋ. ಶಂಕು ಅಂದ್ರೆ ಭಯ ಬೀಳ್ತಾರೆ. ಮೊದಲು ಓರೆ ಎತ್ತರ ಕಂಡುಹಿಡಿಯೋದು ಹೇಳ್ಬೇಕು. ಮಿಕ್ಕಿದ್ದು ಬರುತ್ತೆ.”

“ಸೋಮವಾರ ಹೇಳು.”

“ಹೂಂ. ನೀನು ಭಾನುವಾರ ಒಂದ್ಸಲ ಓದ್ಕೊಂಡಿರು.”

ಓದಿಕೊಳ್ಳುತ್ತಿದ್ದೇನೆ.

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಆರೂ ಕಾಲು.

ಮಾರ್ಚ್ 3, ಮಂಗಳವಾರ

ಮನೆ ತುಂಬ ನೆಂಟರು. ಯಾರಿಗೆ ತಿಳಿಸಬೇಕು ಅಂತ ಅಪ್ಪ ಪಟ್ಟಿ ಮಾಡಿದ್ದರು. ಮಕ್ಕಳ ಹೆಸರು ಅದರಲ್ಲಿ ಇರಲಿಲ್ಲ. ಈಗ ನೋಡಿದರೆ ನಿನ್ನೆ ಮಧ್ಯಾಹ್ನ ಅಲ್ಲಿಂದ ಬಂದು ಸ್ನಾನ ಮಾಡಿ, ಅಮ್ಮನ ಫೋನಿನಿಂದ ಗುಂಪಿಗೆ ಒಂದು ಸಂದೇಶ ಕಳಿಸಿದ್ದಾರೆ.

‘ವಿಷಯ: ನೆಟ್ ತೊಂದರೆ. ಮೂರು ದಿನ ತರಗತಿ ಇರುವುದಿಲ್ಲ.’

“ಇನ್ನೇನು ಬರೀಬೇಕು ಗೊತ್ತಾಗ್ಲಿಲ್ಲ ಕಣಪ್ಪ” ಅಂದರು. ನನ್ನನ್ನು ಕಣಪ್ಪ ಅಂದಿದ್ದು ಯಾವತ್ತೂ ಇಲ್ಲ.

ಮಾರ್ಚ್ 5, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಮಹೇಶಣ್ಣ, ಹೆಗಲಲ್ಲಿ ಚೀಲ. ಪ್ರೇಮಲೀಲಾ ಆಂಟಿ ಕಳಿಸಿದ್ದಾರೆ. “ಮೂರು ದಿನದಿಂದ ನೆಟ್ ಇಲ್ವಂತೆ, ಎಲ್ಲಿ, ನಿನ್ನ ಎಮ್ಮೆ...” ಅಂತ ನಗುತ್ತಾ ವರಾಂಡಕ್ಕೆ ಬಂದವನು ನನ್ನ ತಲೆ ನೋಡಿದ. ಬೋಳಿಸಿದ ತಲೆ. ಒಳಗೆ ಉರಿಯುತ್ತಿದ್ದ ದೀಪ ನೋಡಿದ.

ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನೂ ಕೂತೆ. ಎಲ್ಲ ಹೇಳಿದೆ. ಪ್ಲಗ್ಗಿನದು, ಲೋಟದ್ದು, ಕೆಟ್ಟ ರೂಟರ್ ಯಾಕೆ ಬೇಕಿತ್ತು ಅನ್ನುವುದು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ.

“ಮೊದಲೇ ಹೇಳಿದ್ರೆ ನಾನೇ ಒಂದು ಕೆಟ್ಟದ್ದು ಮಾಡ್ಕೊಡ್ತಿದ್ನಲ್ಲೋ” ಅಂದ.

ಹೊರಡುವಾಗ ಹೇಳಿದ. “ಪ್ರೇಮಲೀಲಮ್ಮ ಕೇಳ್ತಾರೆ. ಸಂಜೆವರ್ಗೂ ನಾನು ಬಾಯಿ ಬಿಡಲ್ಲ. ಮಕ್ಕಳಿಗೆ ನೀನೇ ಹೇಳು. ಬೇರೆಯವರ ಬಾಯಲ್ಲಿ ಗೊತ್ತಾಗೋದು ಬೇಡ.”

ಐದು ಗಂಟೆಗೆ ಹಿಂದಿನ ರೂಮಿಗೆ ಹೋದೆ. ಮಂಚ ಇಲ್ಲ, ತೊಳೆದು ಹೊರಗಿಟ್ಟಿದ್ದಾರೆ. ನೆಲದ ಮೇಲೆ ಹಾಳೆ ಇಟ್ಟು ಸ್ಟ್ಯಾಂಡಿಗೆ ಫೋನು ಸಿಕ್ಕಿಸಿದೆ. ಗುಂಪಿಗೆ ‘ಇವತ್ತು ಕ್ಲಾಸ್ ಇದೆ’ ಅಂತ ಹಾಕಿದೆ. ಎರಡು ನಿಮಿಷದಲ್ಲಿ ಎಂಟೂ ಜನ ಬಂದರು.

“ಮಿಸ್ ಬಂದ್ರು! ಮಿಸ್, ನೆಟ್ ಸರಿಹೋಯ್ತಾ?”

“ನಾನು ವಾಗೀಶಣ್ಣ” ಅಂದೆ.

“ಮಿಸ್ ಎಲ್ಲಿ ಅಣ್ಣ?”

ಹೇಗೆ ಹೇಳಬೇಕು ಅಂತ ಬೆಳಿಗ್ಗೆಯಿಂದ ಬರೆದು ನೋಡಿದ್ದೆ. ಅದೊಂದೂ ಬರಲಿಲ್ಲ. “ಅಮ್ಮ ಸೋಮವಾರ ತೀರಿಕೊಂಡ್ರು” ಅಂದೆ.

ಮೊದಲು ಬಾಯಿ ಬಿಟ್ಟವನು ಸುನಿಲ.

“ಅಯ್ಯೋ ಬುಡಿ ಅಣ್ಣಾ. ಅವತ್ತು ಗಣಿತ ಪೇಪರೇ ಕ್ಯಾನ್ಸಲ್ ಅಂದ್ರಿ, ನಮ್ಮಪ್ಪನ ಹತ್ರ ಏಟು ತಿಂದೆ.”

“ಅಣ್ಣಾ, ಇಂಥದ್ದೆಲ್ಲ ತಮಾಷೆ ಮಾಡ್ಬಾರ್ದು” ಧರಣಿಗೆ ಕೋಪ ಬಂದಿತ್ತು. “ಮಿಸ್‌ಗೆ ಹೇಳ್ತೀನಿ ನೋಡಿ.”

“ತಮಾಷೆ ಅಲ್ಲ ಕಣೇ.”

“ಗ್ರೈಂಡರ್ ಎಲ್ಲಣ್ಣ ಇವತ್ತು? ಇಡ್ಲಿ ಹೋಟೆಲ್ ಮುಚ್ಚೋಯ್ತಾ?”

ಫೋನನ್ನು ಸ್ಟ್ಯಾಂಡಿನಿಂದ ತೆಗೆದು ನನ್ನ ಕಡೆ ತಿರುಗಿಸಿದೆ. ತಲೆ ತೋರಿಸಿದೆ.

ಹೋ ಅಂತ ನಕ್ಕರು. ಎಂಟೂ ಜನ. “ತಿರುಪತಿಗೆ ಹೋಗಿದ್ರಾ! ಅದಕ್ಕೇ ಮೂರು ದಿನ ನೆಟ್ ಇರ್ಲಿಲ್ಲ! ಲಡ್ಡು ಎಲ್ಲಣ್ಣ?” ಅಂತ ಸುನಿಲ. ಯಾರೋ ಚಪ್ಪಾಳೆ ತಟ್ಟಿದರು. ಒಂದು ಶಬ್ದವೂ ಕತ್ತರಿಸಲಿಲ್ಲ, ಗೊರಗೊರ ಇಲ್ಲ. ಒಬ್ಬೊಬ್ಬರ ನಗುವೂ ಬೇರೆಬೇರೆ ಕೇಳುತ್ತಿತ್ತು.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹೇಳಲು ಒಂದು ಹೆಜ್ಜೆ ಮುಂದೆ ಬಂದರು. ನಾನು ಕೈ ಅಡ್ಡ ಮಾಡಿದೆ.

ಫೋನನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿದೆ. ಹಾಳೆಯ ಮೇಲೆ ‘ಶಂಕು’ ಅಂತ ಬರೆದೆ. ಚಿತ್ರ ಬಿಡಿಸಿದೆ. “ಎತ್ತರ ಇಪ್ಪತ್ನಾಲ್ಕು, ತ್ರಿಜ್ಯ ಏಳು. ಮೊದಲು ಓರೆ ಎತ್ತರ ಕಂಡುಹಿಡೀಬೇಕು. ಮಿಕ್ಕಿದ್ದು ತಾನಾಗೇ ಬರುತ್ತೆ. ಹೆದರೋದೇನಿಲ್ಲ” ಅಂದೆ. ಇನ್ನೂ ಒಂದಿಬ್ಬರು ಕಿಸಕ್ಕನೆ ನಗುತ್ತಿದ್ದರು, ನಾನು ಈಗ ಏನಾದರೂ ತಮಾಷೆ ಮಾಡುತ್ತೇನೆ ಅಂತ ಕಾಯುತ್ತಿದ್ದರು. ಎರಡನ್ನೂ ವರ್ಗ ಮಾಡಿದೆ. ಐನೂರ ಎಪ್ಪತ್ತಾರು, ನಲವತ್ತೊಂಬತ್ತು. ನಿಧಾನವಾಗಿ, ಒಂದೊಂದು ಹೆಜ್ಜೆಯನ್ನೂ ಬಿಡದೆ, ಅಂಕಿಗಳನ್ನು ದುಂಡಗೆ ಬರೆದು ಕೂಡಿಸಿದೆ. ನಗು ಒಂದೊಂದೇ ನಿಂತಿತು. ಯಾವಾಗ ಪೂರ್ತಿ ನಿಂತಿತು ಗೊತ್ತಿಲ್ಲ.

“ಆರುನೂರ ಇಪ್ಪತ್ತೈದರ ವರ್ಗಮೂಲ ಎಷ್ಟು?”

ಧರಣಿ ಮನೆಯ ಹೊಲಿಗೆ ಮಷೀನು ನಿಂತಿತ್ತು.

“ಗೊತ್ತಿದ್ದವರು ಹೇಳಿ” ಅಂದೆ. ಕಾದೆ.

“ಇಪ್ಪತ್ತೈದು” ಅಂದಳು ಸಮನ್ವಿತಾ. ಅಳುತ್ತಿದ್ದಳು.

“ಸರಿ. ಬರ್ಕೊಳ್ಳಿ” ಅಂದೆ.